ಗೋಡೆಯ ಮೇಲಿನ ಮಣ್ಣಿನ ಕೂಸು

“ಗುರುಗಳೇ, ಅನಾಥ ಮಕ್ಕಳಿಗೆಂದು ಕಟ್ಟುವ ಮನೆಯ ಗೋಡೆಗೆ ಶಿಲ್ಪ ಯಾಕೆ? ಆ ಖರ್ಚಿನಲ್ಲಿ ಎರಡು ತಿಂಗಳ ಅಕ್ಕಿ ಬರುತ್ತದಲ್ಲವೆ?” ಎಂದು ಶಿಷ್ಯ ಕೇಳಿದ. ಮಠದ ಅನಾಥಾಲಯ ಕಟ್ಟಿಸುವ ಹೊಣೆ ಅವನದಾಗಿತ್ತು.

ಗುರುಗಳು ಒಂದು ಕತೆ ಹೇಳಿದರು.

ಐನೂರು ವರ್ಷಗಳ ಹಿಂದೆ ಇಟಲಿ ದೇಶದ ಒಂದು ಊರಿನಲ್ಲಿ ತೆಸ್ಸಾ ಎಂಬ ಹೆಂಗಸಿದ್ದಳು. ಉಣ್ಣೆ ತೊಳೆದು ಹೊಟ್ಟೆ ಹೊರೆಯುತ್ತಿದ್ದಳು. ಗಂಡ ಪ್ಲೇಗಿನಲ್ಲಿ ತೀರಿಕೊಂಡಿದ್ದ. ಮಡಿಲಲ್ಲಿ ಎರಡು ತಿಂಗಳ ಹೆಣ್ಣುಕೂಸು. ಚಳಿಗಾಲದ ಕೊನೆಯಲ್ಲಿ ಅವಳಿಗೆ ಜ್ವರ ಹಿಡಿಯಿತು. ಎದೆಹಾಲು ಬತ್ತಿತು. ಕೂಸು ಅಳುವುದನ್ನೂ ಬಿಟ್ಟು ಸುಮ್ಮನೆ ಕಣ್ಣು ಬಿಟ್ಟುಕೊಂಡು ಮಲಗತೊಡಗಿತು.

ದಿಕ್ಕಿಲ್ಲದ ಮಕ್ಕಳಿಗೆಂದು ಆ ಊರಿನ ವರ್ತಕರು ಒಂದು ದೊಡ್ಡ ಮನೆ ಕಟ್ಟಿಸಿದ್ದರು. ಅಲ್ಲಿ ಹಾಲೂಡಿಸುವ ದಾದಿಯರಿದ್ದಾರೆ, ತಾಯಿ ಚೇತರಿಸಿಕೊಂಡರೆ ಕೂಸನ್ನು ಹಿಂದಕ್ಕೆ ಕೊಡುತ್ತಾರೆ ಎಂದು ನೆರೆಯವಳು ಹೇಳಿದಳು. ತೆಸ್ಸಾ ಎರಡು ಸಲ ಹೋದಳು. ಎರಡು ಸಲವೂ ಬೀದಿಯ ಈಚೆಯೇ ನಿಂತು ಹಿಂತಿರುಗಿದಳು. ಎತ್ತರದ ಗೋಡೆ, ಮುಚ್ಚಿದ ಬಾಗಿಲು. ಸೆರೆಮನೆಯೂ ಹೀಗೆಯೇ ಇರುತ್ತದೆ ಎನ್ನಿಸಿತು. ಒಳಗೆ ಹೋದ ಮಕ್ಕಳು ಏನಾಗುತ್ತವೋ ಯಾರಿಗೆ ಗೊತ್ತು? ಸಾಯುವುದಾದರೆ ನನ್ನ ತೋಳಿನಲ್ಲೇ ಸಾಯಲಿ ಎಂದುಕೊಂಡಳು.

ಮರುದಿನ ಕೂಸು ಮೊಲೆಗೆ ಬಾಯಿ ಹಾಕಲಿಲ್ಲ. ಅವಳು ಮತ್ತೆ ಹೋದಳು. ಅಂದು ಗೋಡೆಗೆ ಅಟ್ಟಣಿಗೆ ಕಟ್ಟಿದ್ದರು. ಒಬ್ಬ ಶಿಲ್ಪಿ ಎರಡು ಕಮಾನುಗಳ ನಡುವೆ ಸುಟ್ಟ ಮಣ್ಣಿನ ದುಂಡನೆಯ ಫಲಕವನ್ನು ಕೂರಿಸುತ್ತಿದ್ದ. ಅದರ ಮೇಲೆ ಬಟ್ಟೆ ಸುತ್ತಿದ ಬಿಳಿಯ ಕೂಸು. ಹಿಂದೆ ನೀಲಿ ಬಣ್ಣ. ಕೂಸಿನ ಕೆನ್ನೆ ತುಂಬಿತ್ತು. ಕಾಲಿನ ಬಳಿ ಬಟ್ಟೆ ಬಿಚ್ಚಿಹೋಗಿತ್ತು.

ತೆಸ್ಸಾ ಬೀದಿ ದಾಟಿ ಬಂದಳು.

“ಅಣ್ಣಾ, ಬಟ್ಟೆಯನ್ನು ಯಾಕೆ ಅಷ್ಟು ಸಡಿಲ ಮಾಡಿದೆ? ಚಳಿಯಾಗುವುದಿಲ್ಲವೆ?”

ಶಿಲ್ಪಿ ಕೆಳಗೆ ನೋಡಿದ. “ನಾನು ಮಾಡಿದ್ದಲ್ಲ ತಾಯಿ, ಅದೇ ಮಾಡಿಕೊಂಡದ್ದು. ಒಳಗಿರುವ ಕೂಸೊಂದನ್ನು ನೋಡಿಕೊಂಡು ಇದನ್ನು ಮಾಡಿದೆ. ದಾದಿ ಸುತ್ತುತ್ತಾಳೆ, ಅದು ಒದೆಯುತ್ತದೆ. ನಾಲ್ಕು ದಿನ ಕಾದು ಕಾದು ಸಾಕಾಯಿತು. ಇದ್ದ ಹಾಗೆಯೇ ಮಾಡಿಬಿಟ್ಟೆ.”

ಒದೆಯುವಷ್ಟು ಶಕ್ತಿ! ತೆಸ್ಸಾ ಆ ಪುಟ್ಟ ಕಾಲುಗಳನ್ನೇ ನೋಡುತ್ತ ನಿಂತಳು. ಆಮೇಲೆ ಹೋಗಿ ಬಾಗಿಲು ತಟ್ಟಿದಳು.

ಒಂದೂವರೆ ತಿಂಗಳು ಅವಳು ಹಾಸಿಗೆ ಹಿಡಿದಳು. ಹೇಗೋ ಬದುಕಿದಳು. ಎದ್ದು ನಡೆಯುವಂತಾದ ದಿನವೇ ಆ ಮನೆಗೆ ಹೋದಳು. ಬಾಗಿಲು ತೆರೆದ ದಾದಿ ಅವಳ ಗುರುತು ಹಿಡಿದು, ಒಳಗೆ ಹೋಗಿ ಕೂಸನ್ನು ತಂದು ಕೈಗಿತ್ತಳು. ಅದರ ಭಾರಕ್ಕೆ ತೆಸ್ಸಾಳ ತೋಳು ಜಗ್ಗಿತು. ತಾಯಿಯ ಗುರುತು ಸಿಗದ ಕೂಸು ಬೀದಿಗೆಲ್ಲ ಕೇಳುವಂತೆ ಅತ್ತಿತು. ತೆಸ್ಸಾ ಮೆಟ್ಟಿಲ ಮೇಲೆ ಕುಳಿತು, ಆ ಜೋರು ಅಳುವನ್ನು ಕೇಳುತ್ತ, ಎಷ್ಟೋ ದಿನಗಳ ಮೇಲೆ ನಿರಾಳವಾಗಿ ಉಸಿರುಬಿಟ್ಟಳು.

ಗುರುಗಳು ನಿಲ್ಲಿಸಿದರು. ಶಿಷ್ಯನ ಮನಸ್ಸೂ ಹಗುರಾಗಿತ್ತು. ಆದರೂ ಅವನು ಕೇಳಿದ: “ಕೂಸನ್ನು ಉಳಿಸಿದ್ದು ದಾದಿಯ ಹಾಲಲ್ಲವೆ, ಗುರುಗಳೇ?”

“ಹೌದಪ್ಪ, ಹಾಲು ಒಳಗಿತ್ತು, ಕೂಸು ಹೊರಗಿತ್ತು” ಎಂದರು ಗುರುಗಳು.

ಶಿಷ್ಯ ಅಂದೇ ಶಿಲ್ಪಿಗೆ ಹೇಳಿಕಳುಹಿಸಿದ.