ಹಾಲಮ್ಮನ ಮಂಡಕ್ಕಿಗೆ ನೀಲಿ ಟಿಕ್ ಬಂದದ್ದು

ಹಾಲಮ್ಮನ ಕೈಲಿ ಆಗೋದಿಲ್ಲ ಅಂತ ಮೊದಲು ಅಂದವನು ಅವಳ ಗಂಡನ ಅಣ್ಣ ನಾಗೇಂದ್ರಪ್ಪ. ದಾವಣಗೆರೆಯ ಮಂಡಕ್ಕಿ ಭಟ್ಟಿಗಳ ಸಾಲಿನಲ್ಲಿ ಅಣ್ಣನದೊಂದು ಭಟ್ಟಿ, ತಮ್ಮನದೊಂದು ಭಟ್ಟಿ. ತಮ್ಮ ತೀರಿಕೊಂಡ. ಹನ್ನೊಂದನೇ ದಿನ, ಉಂಡ ಎಲೆ ಎತ್ತುವ ಮೊದಲೇ ನಾಗೇಂದ್ರಪ್ಪ ಮೀಸೆ ತಿರುವಿದ. "ಹೆಂಗಸು ಭಟ್ಟಿ ನಡೆಸೋದು ಆಗದ ಮಾತು. ಬೀಗದಕೈ ಇತ್ತ ಕೊಡು" ಅಂದ. ಹಾಲಮ್ಮ ಬೀಗದಕೈ ಸೊಂಟಕ್ಕೆ ಸಿಕ್ಕಿಸಿಕೊಂಡು ಹೋಗಿ ಭಟ್ಟಿಗೆ ಬೆಂಕಿ ಹಾಕಿದಳು.

ಆಮೇಲೆ ಅವಳು ಅಕ್ಷರ ಕಲಿಯಲು ಕೂತಳು. ಮಂಡಕ್ಕಿ ಕಟ್ಟುವ ಹಳೇ ಪೇಪರಿನ ಮೇಲೆ ಬೆರಳಿಟ್ಟುಕೊಂಡು ಕೂತಳು. "ಮಂಡಕ್ಕಿ ಹುರಿಯೋ ತಲೆಗೆ ಅಕ್ಷರ ಹತ್ತತಾವೇನು?" ಅಂದ ನಾಗೇಂದ್ರಪ್ಪ. ಹತ್ತಿದವು. ಪೊಟ್ಟಣಕ್ಕೊಂದು ಸುದ್ದಿಯಂತೆ ಓದಿ ಓದಿ ಹತ್ತಿದವು. ಕಳ್ಳ ಸಿಕ್ಕಿಬಿದ್ದದ್ದನ್ನು ಒಂದು ಪೊಟ್ಟಣದಲ್ಲಿ ಓದಿದರೆ ಅವನಿಗೆ ಶಿಕ್ಷೆಯಾದದ್ದು ಆರು ತಿಂಗಳಾದ ಮೇಲೆ ಇನ್ನೊಂದು ಪೊಟ್ಟಣದಲ್ಲಿ ಸಿಗುತ್ತಿತ್ತು. ಅಷ್ಟು ಕಾಯುವ ಹಟ ಅವಳಿಗಿತ್ತು.

ಮೂರನೇ ಸಲ ಅವನು ಆಗೋದಿಲ್ಲ ಅಂದನಲ್ಲ, ಅದೇ ಈ ಕತೆ.

ಹಾಲಮ್ಮನಿಗೆ ಒಬ್ಬನೇ ಮಗ, ಕೊಟ್ರೇಶ. ನಿಂತರೆ ಬಾಗಿಲ ಮೇಲಿನ ಚೌಕಟ್ಟಿಗೆ ತಲೆ ತಾಗಬೇಕು, ಅಷ್ಟೆತ್ತರ. ಹೇಳಿದ್ದು ಮಾಡುವುದರಲ್ಲಿ ಅವನಂಥ ಮಗ ಇನ್ನೊಬ್ಬನಿಲ್ಲ. ಹೇಳಿದ್ದನ್ನು ಹೇಳಿದ ಹಾಗೇ ಮಾಡುತ್ತಿದ್ದ, ಅದೇ ಕಷ್ಟ. ಒಮ್ಮೆ, "ಲೇ ಕೊಟ್ರ, ಹಾಲು ಉಕ್ಕೋದನ್ನ ನೋಡ್ತಿರು" ಅಂದು ಹಿತ್ತಲಿಗೆ ಹೋಗಿ ಬಂದಳು. ಒಲೆ ತುಂಬ ಹಾಲು.

"ನೋಡ್ತಿರು ಅಂದಿದ್ನಲ್ಲೋ."

"ನೋಡಿದೆ ಅವ್ವ. ಚಲೋ ಉಕ್ಕಿತು."

ಇಂಥವನ ಕೈಗೆ ಅವಳು ಫೋನ್ ಕೊಟ್ಟಳು. ಕೊಡದೆ ಗತಿಯಿರಲಿಲ್ಲ. ಮೂವತ್ತು ವರ್ಷ ಕಾದ ಮರಳಿನ ಮುಂದೆ ಕೂತು ಅವಳ ಬೆರಳ ತುದಿಗಳು ಹಂಚಿನ ಹಾಗೆ ನುಣ್ಣಗಾಗಿದ್ದವು. ಅವಳು ಎಷ್ಟು ಒತ್ತಿದರೂ ಫೋನು ಕಿಮಕ್ ಅನ್ನುತ್ತಿರಲಿಲ್ಲ. ಹಾಗಾಗಿ ಓದುವ ತಲೆ ಅವಳದು, ಒತ್ತುವ ಬೆರಳು ಅವನದು. ಅವಳು ಮಂಡಕ್ಕಿಗೆ ಖಾರ ಕಲಸುತ್ತ ಮಗನನ್ನು ಬೈಯುವುದು, ಅವನು ಅದನ್ನು ವಿಡಿಯೋ ಮಾಡಿ ಹಾಕುವುದು. ಜನಕ್ಕೆ ಖಾರವೂ ಹಿಡಿಸಿತು, ಬೈಗುಳವೂ ಹಿಡಿಸಿತು. 'ಹಾಲಮ್ಮನ ಮಂಡಕ್ಕಿ' ಖಾತೆಗೆ ನಲವತ್ತು ಸಾವಿರ ಮಂದಿ ಸೇರಿದರು.

ನಾಗೇಂದ್ರಪ್ಪ ಸುಮ್ಮನಿರುತ್ತಾನೆಯೇ? ಅವನೂ ಒಂದು ಖಾತೆ ತೆರೆದ. ಹೆಸರು 'ಹಾಲಮ್ಮನ ಮಂಡಕ್ಕಿ'. ಫೋಟೋ ಹಾಲಮ್ಮನದು. ಮಂಡಕ್ಕಿ ಮಾತ್ರ ಅವನದು, ಹೋದ ತಿಂಗಳದ್ದು. ಮೆತ್ತನೆ ಮಂಡಕ್ಕಿ ತಿಂದವರೆಲ್ಲ ಇವಳನ್ನು ಬೈದರು.

ಆಗಲೇ ಹುಬ್ಬಳ್ಳಿಯ ದೊಡ್ಡ ತಿಂಡಿ ಅಂಗಡಿಯವರು ಇಬ್ಬರಿಗೂ ಒಂದೇ ಮಾತು ಬರೆದರು: "ನಮಗೆ ಪ್ರತಿ ಸೋಮವಾರ ಮೂವತ್ತು ಚೀಲ ಬೇಕು. ನಿಮ್ಮಲ್ಲಿ ನಿಜವಾದ ಹಾಲಮ್ಮ ಯಾರೋ ತಿಳಿಯದು. ಯಾರ ಹೆಸರಿಗೆ ನೀಲಿ ಟಿಕ್ ಬರುತ್ತದೋ ಅವರ ಬಾಗಿಲಿಗೆ ನಮ್ಮ ವ್ಯಾನು ಬರುತ್ತದೆ."

ನಾಗೇಂದ್ರಪ್ಪ ಚಹಾದಂಗಡಿಯ ಮುಂದೆ ಎಲ್ಲರಿಗೂ ಕೇಳುವಂತೆ ಅಂದ, "ಅದು ಆಕಿ ಕೈಲಿ ಆಗೋದಿಲ್ಲ. ಆಕಿಗೆ ಟಿಕ್ ಬಂದ್ರೆ ನನ್ನ ಅರ್ಧ ಮೀಸೆ ಆಕಿದು."

ಹಾಲಮ್ಮ ಮನೆಗೆ ಬಂದು ಮಗನನ್ನು ಕರೆದಳು. "ಕೊಟ್ರ, ನಮ್ಮ ಹೆಸರಿನ ಪಕ್ಕ ನೀಲಿ ಟಿಕ್ ಬರಬೇಕು ನೋಡು. ಏನಾದರೂ ಮಾಡು."

ಬೆಳಗಾದ ಮೇಲೆ ನೋಡಿದರೆ ಅಂಗಡಿಯ ಬೋರ್ಡಿನಲ್ಲಿ ಹೆಸರಿನ ಪಕ್ಕ ಒಂದು ಟಿಕ್. ಬಟ್ಟೆಗೆ ಹಾಕುವ ನೀಲಿ ಕಲಸಿ, ಕಸಬರಿಗೆಯಲ್ಲಿ ಅದ್ದಿ, ಮೊಳದುದ್ದ ಎಳೆದಿದ್ದ. ನೀಲಿ ಇನ್ನೂ ತೊಟ್ಟಿಕ್ಕುತ್ತಿತ್ತು.

"ಬಂತಲ್ಲ ಅವ್ವ" ಅಂದ.

ಹಾಲಮ್ಮ ರಸ್ತೆಯಾಚೆ ನೋಡಿದಳು. ನಾಗೇಂದ್ರಪ್ಪನ ಬೋರ್ಡಿನ ಮೇಲೂ ಒಂದು.

"ಅಲ್ಲಿ ಯಾಕ ಹಾಕಿದ್ಯೋ?"

"ನೀಲಿ ಉಳಿದಿತ್ತು. ದೊಡ್ಡಪ್ಪ ಬೇಜಾರು ಮಾಡ್ಕೋಬಾರದಲ್ಲ."

"ಅಯ್ಯೋ ನನ್ನ ಕರ್ಮವೇ. ಅದು ನಾವೇ ಬಳಕೊಳ್ಳೋದಲ್ಲೋ ಮಂಗ್ಯಾ. ಮೇಲಿನವರು ಕೊಡೋದು. ಅವರು ಕೇಳ್ತಾರೆ, ನಾವು ಹೇಳಬೇಕು. ಇನ್ನಮ್ಯಾಲೆ ಫೋನಿನಾಗೆ ಯಾರು ಏನು ಕೇಳಿದ್ರೂ ಮುಚ್ಚುಮರೆ ಇಲ್ಲದಂಗೆ ಹೇಳು. ತಿಳೀತಾ?"

"ತಿಳೀತವ್ವ."

ಮರುದಿನ ವಿಡಿಯೋದ ಕೆಳಗೆ ಯಾರೋ ಕೇಳಿದರು, "ಅಕ್ಕ, ನಿಮ್ಮ ಖಾರದ ಗುಟ್ಟೇನು?"

ಅವ್ವ ಹೇಳಿದ್ದಾಳೆ, ಮುಚ್ಚುಮರೆ ಕೂಡದು. ಕೊಟ್ರೇಶ ಕೂತು ಬರೆದ. ಬೆಳ್ಳುಳ್ಳಿ ಸಿಪ್ಪೆ ಸಮೇತ ಎಷ್ಟು, ಹುರಿಗಡಲೆ ಎಷ್ಟು, ಒಣಕೊಬ್ಬರಿ ಎಷ್ಟು ಕೆಂಪಗಾಗಬೇಕು, ಕೊನೆಗೆ ಯಾರಿಗೂ ಕಾಣದಂತೆ ಸೆರಗಿನ ಮರೆಯಲ್ಲಿ ಹಾಕುವ ಮೆಂತ್ಯ ಎಷ್ಟು ಕಾಳು. 'ಯಾರಿಗೂ ಕಾಣದಂತೆ' ಅನ್ನುವುದನ್ನೂ ಬರೆದ.

ಸಂಜೆ ಗಾಳಿ ರಸ್ತೆಯಾಚೆಯಿಂದ ಬೀಸಿತು. ಹಾಲಮ್ಮ ಮೂಗರಳಿಸಿದಳು. ತನ್ನದೇ ಖಾರ. ಭಾವನ ಭಟ್ಟಿಯಿಂದ ಬರುತ್ತಿದೆ.

"ಕೊಟ್ರ, ಯಾರಿಗೆ ಹೇಳಿದೆ?"

"ಯಾರೋ ಒಬ್ಬರು ಕೇಳಿದ್ರು. ಹೇಳಿದೆ."

"ಒಬ್ಬರಿಗಾ?"

"ಒಬ್ಬರೇ ಕೇಳಿದ್ದು. ನಲವತ್ತು ಸಾವಿರ ಮಂದಿ ಓದಿದ್ರು."

ಹಾಲಮ್ಮ ತಲೆ ಚಚ್ಚಿಕೊಂಡಳು. "ನನ್ನ ಅತ್ತೆ ಸಾಯೋವಾಗ ಕಿವಿಯಾಗೆ ಹೇಳಿ ಹೋದದ್ದು ಅದು. ಸ್ವಂತ ಮಗ ನಾಗೇಂದ್ರಪ್ಪಗೂ ಹೇಳಿರಲಿಲ್ಲ ಆಕಿ. ನೀನು ಊರಿಗೆಲ್ಲ ಹಂಚಿದ್ಯಲ್ಲೋ. ಇನ್ನಮ್ಯಾಲೆ ಯಾರು ಏನು ಕೇಳಲಿ, ಗೊತ್ತಿಲ್ಲ ಅನ್ನು. ಬ್ರಹ್ಮ ಬಂದು ಕೇಳಿದ್ರೂ ಗೊತ್ತಿಲ್ಲ ಅನ್ನು."

"ಆಗಲವ್ವ."

ನಾಲ್ಕು ದಿನ ಬಿಟ್ಟು ಟಿಕ್ಕಿನ ಅರ್ಜಿ ತೆರೆದರು. ಕನ್ನಡದಲ್ಲೇ ಇತ್ತು. ಹಾಲಮ್ಮ ಅಕ್ಷರ ಅಕ್ಷರ ಓದಿ ನೋಡಿ, ಎಲ್ಲಾ ಸುಲಭ ಇದೆ ಅಂದುಕೊಂಡು, "ತುಂಬು" ಅಂತ ಮಗನಿಗೆ ಕೊಟ್ಟು ಭಟ್ಟಿಗೆ ಹೋದಳು.

ಹೆಸರು ಕೇಳಿತು. ಗೊತ್ತಿಲ್ಲ ಅಂತ ಬರೆದ. ಹುಟ್ಟಿದ ದಿನ ಕೇಳಿತು. ಗೊತ್ತಿಲ್ಲ. ಏನು ವ್ಯಾಪಾರ? ಗೊತ್ತಿಲ್ಲ. ಈ ಖಾತೆ ನಿಮ್ಮದೇ ಎಂದು ಖಚಿತಪಡಿಸುತ್ತೀರಾ? ಅಲ್ಲಿ ಸ್ವಲ್ಪ ಯೋಚನೆ ಮಾಡಿದ. ಬ್ರಹ್ಮ ಬಂದರೂ ಅಂದಿದ್ದಾಳೆ ಅವ್ವ. ಗೊತ್ತಿಲ್ಲ.

ಹಾಲಮ್ಮ ಕೈ ತೊಳೆದು ಬರುವಷ್ಟರಲ್ಲಿ ಉತ್ತರ ಬಂದಿತ್ತು. ತಾನೇ ಓದಿದಳು: "ನೀವು ಯಾರೆಂದು ನಿಮಗೇ ತಿಳಿದಂತಿಲ್ಲ. ಮೂವತ್ತು ದಿನಗಳ ನಂತರ ಪ್ರಯತ್ನಿಸಿ."

ಮೂವತ್ತು ದಿನ. ಆ ಕಡೆ ನಾಗೇಂದ್ರಪ್ಪನೂ ಅರ್ಜಿ ಹಾಕಿದ್ದಾನಂತೆ, ಹೆಂಡತಿಗೆ ಹಾಲಮ್ಮ ಅಂತ ಹೊಸ ಹೆಸರಿಟ್ಟಿದ್ದಾನಂತೆ ಅಂತ ಸುದ್ದಿ. ಹಾಲಮ್ಮ ದಿನಕ್ಕೊಂದು ಗೆರೆಯಂತೆ ಗೋಡೆಯ ಮೇಲೆ ಇದ್ದಿಲಿನಲ್ಲಿ ಮೂವತ್ತು ಗೆರೆ ಎಳೆದಳು. ಈ ಸಲ ಅರ್ಜಿಯನ್ನು ತಾನೇ ಒಂದೊಂದು ಸಾಲು ಹೇಳಿ, ಒಂದೊಂದು ಸಾಲು ಬರೆಸಿದಳು. ಕೊನೆಗೆ ಗುರುತಿನ ಚೀಟಿಯ ಫೋಟೋ ಹಾಕಿಸಿದಳು. ಇನ್ನು ಉಳಿದದ್ದು ಒಂದೇ, ಮುಖ ತೋರಿಸುವುದು.

"ಲೇ, ಇದೇ ದೊಡ್ಡ ಪರೀಕ್ಷೆ. ಚೀಟಿಯಾಗೆ ನಾನು ಹೆಂಗದೀನೋ ಫೋನಿಗೂ ಹಂಗೇ ಕಾಣಬೇಕು. ಒಂಚೂರು ಫರಕ್ ಆಗಬಾರದು. ಚೀಟಿ ನೋಡಿಕೊಂಡು ಮಾಡು."

ಹೇಳಿ, ತಲೆಗೆ ಎರೆದುಕೊಂಡು, ಇಳಕಲ್ ಸೀರೆ ಉಟ್ಟು, ಕಾಸಗಲ ಕುಂಕುಮ ಇಟ್ಟು ಬಂದು ಕೂತಳು. ಕೊಟ್ರೇಶ ಚೀಟಿ ನೋಡಿದ. ಅವ್ವನ ಮುಖ ನೋಡಿದ. ಮತ್ತೆ ಚೀಟಿ ನೋಡಿದ. ಚೀಟಿಯ ಫೋಟೋ ತೆಗೆದ ದಿನ ಹಾಲಮ್ಮ ಭಟ್ಟಿಯಿಂದ ನೇರ ಎದ್ದು ಹೋಗಿದ್ದಳು. ಎಡಗೆನ್ನೆ ತುಂಬ ಮಸಿ, ಕೆದರಿದ ಕೂದಲು, ಒಂದು ಕಣ್ಣು ಮುಚ್ಚಿ, ಬಾಯಿ ಅರ್ಧ ತೆರೆದು, ಯಾರನ್ನೋ ಬೈಯುತ್ತಿರುವ ಹಾಗೆ.

"ಒಂದು ನಿಮಿಷ ಅವ್ವ" ಅಂದವನೇ ಬಾಣಲಿಯ ತಳಕ್ಕೆ ಅಂಗೈ ಒರೆಸಿ ಅವಳ ಎಡಗೆನ್ನೆಗೆ ಬಳಿದ. ಅದೇ ಕೈಯಲ್ಲಿ ಕೂದಲು ಕೆದರಿದ. ಮಸಿ ಕಣ್ಣಿಗೆ ಬಿತ್ತು. ಹಾಲಮ್ಮ ಒಂದು ಕಣ್ಣು ಮುಚ್ಚಿ, ಬೈಯಲು ಬಾಯಿ ಅರ್ಧ ತೆರೆದಳು. ಫೋನು ಟಕ್ ಅಂತು.

ಆ ಹೊತ್ತು ಅವಳು ಬೈದದ್ದನ್ನು ಇಲ್ಲಿ ಬರೆಯುವ ಹಾಗಿಲ್ಲ.

ಆದರೆ ಮೂರನೇ ದಿನ ಟಿಕ್ ಬಂತು ನೋಡಿ. ಹಾಲಮ್ಮನ ಹೆಸರಿನ ಪಕ್ಕ, ಸಾಸಿವೆ ಕಾಳಿನಷ್ಟು, ನೀಲಿಯಾಗಿ. ಅವಳು ಫೋನನ್ನು ಬೆಳಕಿಗೆ ಹಿಡಿದು ನೋಡಿದಳು, ಸೆರಗಿನಲ್ಲಿ ಒರೆಸಿ ನೋಡಿದಳು. ಹೋಗಲಿಲ್ಲ. ಮಗನನ್ನು ಬೈಯದೆ ಹತ್ತಿರ ಕರೆದಳು. ಅವನಿಗೆ ಒಂದು ಮುಷ್ಟಿ ಹುರಿದ ಶೇಂಗಾ ಕೊಟ್ಟಳು.

ಟಿಕ್ಕಿನ ಜೊತೆಗೊಂದು ಎಚ್ಚರಿಕೆಯೂ ಬಂದಿತ್ತು. ಖಾತೆಯ ಹೆಸರನ್ನಾಗಲಿ ಖಾತೆಯ ಮೇಲಿನ ಫೋಟೋವನ್ನಾಗಲಿ ಬದಲಾಯಿಸಿದರೆ ಟಿಕ್ ಹೋಗುತ್ತದೆ. ಹಾಲಮ್ಮ ಅದನ್ನು ಜೋರಾಗಿ ಓದಿದಳು. ಸೋಮವಾರ ಬೆಳಿಗ್ಗೆ ದುಗ್ಗಮ್ಮನ ಗುಡಿಗೆ ಹೊರಟು ನಿಂತು ಮತ್ತೊಮ್ಮೆ ಹೇಳಿದಳು, "ಹರಕೆ ಒಪ್ಪಿಸಿ ಬರ್ತೀನಿ. ಹುಬ್ಬಳ್ಳಿ ವ್ಯಾನು ಬಂದ್ರೆ ಕೂಡ್ರಿಸು. ನೆನಪಿರಲಿ, ಆ ಫೋಟೋದಾಗೆ ಇರೋದು ಒಂದೂ ಬದಲಾಗಬಾರದು. ಬದಲಾದ್ರೆ ಟಿಕ್ ಹೋಗ್ತತಿ."

ಖಾತೆಯ ಆ ಫೋಟೋದಲ್ಲಿ ಏನಿತ್ತು? ಹಾಲಮ್ಮ, ಅವಳ ಹಿಂದೆ ಮಂಡಕ್ಕಿ ರಾಶಿ, ರಾಶಿಯ ಪಕ್ಕದ ಚೀಲದ ಮೇಲೆ ಒಂದು ಬೆಕ್ಕು.

ವ್ಯಾನು ಬಂತು. ಡ್ರೈವರ್ ಇಳಿದು ನೋಡಿದರೆ ರಾಶಿಯ ಮುಂದೆ ಕೊಟ್ರೇಶ ದೊಣ್ಣೆ ಹಿಡಿದು ನಿಂತಿದ್ದಾನೆ. ಚೀಲಕ್ಕೆ ಬೆಕ್ಕನ್ನು ಕಟ್ಟಿಹಾಕಿದ್ದಾನೆ. ಬೆಕ್ಕು ಕೂಗುತ್ತಿದೆ.

"ಕೂಡ್ರಿ" ಅಂದ ಕೊಟ್ರೇಶ.

"ಕೂಡ್ರೋಕೆ ಟೈಮಿಲ್ಲಪ್ಪ, ಮೂವತ್ತು ಚೀಲ ತುಂಬಿಸು."

"ತುಂಬಂಗಿಲ್ಲ. ರಾಶಿ ಇಷ್ಟೇ ಇರಬೇಕು. ಒಂದು ಸೇರು ಇಳಿದ್ರೂ ಟಿಕ್ ಹೋಗ್ತತಿ."

"ಏ, ಮಾರೋಕಲ್ಲೇನೋ ಮಂಡಕ್ಕಿ ಮಾಡಿರೋದು?"

"ಮೊದಲು ಮಾರೋಕಿತ್ತು. ಈಗ ಟಿಕ್ಕಿಗೆ."

ಡ್ರೈವರ್ ಬೆಕ್ಕನ್ನು ನೋಡಿದ, ದೊಣ್ಣೆಯನ್ನು ನೋಡಿದ. ರಸ್ತೆ ದಾಟಿ ನಾಗೇಂದ್ರಪ್ಪನ ಭಟ್ಟಿಯ ಮುಂದೆ ವ್ಯಾನು ನಿಲ್ಲಿಸಿದ.

ಹಾಲಮ್ಮ ತೆಂಗಿನಕಾಯಿ ಹೋಳು ಹಿಡಿದು ತಿರುವಿಗೆ ಬರುವುದಕ್ಕೂ ವ್ಯಾನು ಎದುರಾಗುವುದಕ್ಕೂ ಸರಿಯಾಯಿತು. ಚೀಲಗಳಿಗೆ ಭಾವನ ಭಟ್ಟಿಯ ಕೆಂಪು ದಾರದ ಹೊಲಿಗೆ. ಎಣಿಸಲು ಹೋಗಲಿಲ್ಲ ಅವಳು, ಓಡಿ ಮನೆಗೆ ಬಂದಳು. ರಾಶಿ ಹಾಗೇ ಇತ್ತು. ಬೆಕ್ಕೂ ಇತ್ತು.

"ಒಂದು ಕಾಳೂ ಅಲ್ಲಾಡಿಲ್ಲ ಅವ್ವ" ಅಂದ ಕೊಟ್ರೇಶ.

ಹಾಲಮ್ಮ ಚೀಲದ ಪಕ್ಕ ಕೂತಳು. ಬೆಕ್ಕಿನ ಹಗ್ಗ ಬಿಚ್ಚಿದಳು. ಆಮೇಲೆ ಮಗನ ಕಡೆ ತಿರುಗಿದಳು. "ನಮಗೆ ಬರಬೇಕಾದ್ದು ಬಾಗಿಲಿಗೇ ಬಂದಿತ್ತು, ನೀನು ಎದುರುಮನೆಗೆ ಕಳಿಸಿದೆ. ಒಂದು ಬುದ್ಧಿ ಹೇಳ್ತೀನಿ, ಕೊನೇದು. ಇನ್ನಮ್ಯಾಲೆ ನಮಗೆ ಬರಬೇಕಾದ್ದು ಯಾರ ಮನೆಯಾಗಿದ್ರೂ ಬಿಡಬೇಡ. ಹೋಗು, ತಗೊಂಡು ಬಾ. ಕೇಳಿಕೊಂತ ನಿಲ್ಲಬೇಡ."

ಕೊಟ್ರೇಶ ಯೋಚನೆ ಮಾಡಿದ. ನಮಗೆ ಬರಬೇಕಾದ್ದು ಯಾರ ಮನೆಯಲ್ಲಿ ಏನಿದೆ? ನೆನಪಾಯಿತು. ಚೀಲದ ದಾರ ಕತ್ತರಿಸುವ ಕತ್ತರಿ ತಗೊಂಡು ರಸ್ತೆ ದಾಟಿದ.

ಅಲ್ಲಿ ನಾಗೇಂದ್ರಪ್ಪ ಮೂವತ್ತು ಚೀಲ ಕಳಿಸಿದ ಖುಷಿಗೆ ಹೋಳಿಗೆ ಉಂಡು, ಖಾಲಿ ಚೀಲಗಳ ಮೇಲೆ ಅಂಗಾತ ಮಲಗಿ ಗೊರಕೆ ಹೊಡೆಯುತ್ತಿದ್ದ. ಕೇಳಿಕೊಂಡು ನಿಲ್ಲಬಾರದು ಅಂದಿದ್ದಾಳಲ್ಲ ಅವ್ವ, ಕೊಟ್ರೇಶ ಕೇಳಲಿಲ್ಲ.

ಬರುವಾಗ ಅವನ ಕೈಯಲ್ಲಿ ಪೇಪರಿನ ಪೊಟ್ಟಣ.

"ತಂದೆ ಅವ್ವ."

ಶೇಂಗಾ ಇರಬೇಕು ಅಂದುಕೊಂಡು ಹಾಲಮ್ಮ ಬಿಚ್ಚಿದಳು. ಒಳಗೆ ನರೆತ, ದಪ್ಪನೆಯ, ತುದಿ ತಿರುವಿದ ಅರ್ಧ ಮೀಸೆ.

ಅವಳು ಅದನ್ನು ಬೆಳಕಿಗೆ ಹಿಡಿದು ನೋಡಿದಳು. "ಇನ್ನರ್ಧ?" ಅಂದಳು.

"ಅರ್ಧ ಅಂತಾನೇ ದೊಡ್ಡಪ್ಪ ಮಾತು ಕೊಟ್ಟಿದ್ದು. ಇನ್ನರ್ಧ ಅವರದು. ಮಂದಿ ಸೊತ್ತು ನಾನು ಮುಟ್ಟಂಗಿಲ್ಲ."

ಆ ಸಂಜೆಯೇ ನಾಗೇಂದ್ರಪ್ಪನ ಅಂಗಡಿಯ ಬಾಗಿಲು ಮುಚ್ಚಿತು. ಉಳಿದರ್ಧ ಬೋಳಿಸೋಣ ಅಂದರೆ, ಅವರ ಮನೆತನದಲ್ಲಿ ಹೆತ್ತವರು ಸತ್ತಾಗ ಮಾತ್ರ ಮೀಸೆ ತೆಗೆಯುವುದು. ಹೆತ್ತವರು ಸತ್ತು ಇಪ್ಪತ್ತು ವರ್ಷ ಆಯಿತು, ಈಗ ಯಾರು ಸತ್ತರು ಅಂತ ಬೀದಿ ಕೇಳುತ್ತದೆ. ಬೋಳಿಸದೆ ಹೊರಗೆ ಬಂದರೆ ಬೀದಿ ಕೇಳುವುದೂ ಇಲ್ಲ, ನಗುತ್ತದೆ. ಬೆಳೆಯುವ ತನಕ ಒಳಗೇ ಇರುತ್ತೇನೆ ಅಂದನಂತೆ. ಮುಂದಿನ ಸೋಮವಾರ ಹುಬ್ಬಳ್ಳಿ ವ್ಯಾನು ಮುಚ್ಚಿದ ಬಾಗಿಲು ನೋಡಿ ಹಾಲಮ್ಮನ ಮುಂದೆ ನಿಂತಿತು. ಅವತ್ತು ಅವಳು ಗುಡಿಗೆ ಹೋಗಲಿಲ್ಲ. ಮಗನನ್ನು ಕಳಿಸಿದಳು.

ಈಗ ಹಾಲಮ್ಮನ ಹತ್ತಿರ ಒಂದು ಭಟ್ಟಿ ಇದೆ, ಸೋಮವಾರದ ಮೂವತ್ತು ಚೀಲ ಇದೆ, ಸಾಸಿವೆ ಕಾಳಿನಷ್ಟು ನೀಲಿ ಟಿಕ್ ಇದೆ. ಅದಕ್ಕೆ ಅವಳು ತೆತ್ತದ್ದು ಅತ್ತೆ ಕಿವಿಯಲ್ಲಿ ಹೇಳಿದ ಗುಟ್ಟು, ಗೋಡೆಯ ಮೇಲಿನ ಮೂವತ್ತು ಗೆರೆ, ಮಸಿ ಬಿದ್ದು ಇವತ್ತಿಗೂ ಉರಿಯುವ ಒಂದು ಕಣ್ಣು, ಮಾರದೆ ಮೆತ್ತಗಾಗಿ ದನಕ್ಕೆ ಹಾಕಿದ ಒಂದು ರಾಶಿ ಮಂಡಕ್ಕಿ. ಅರ್ಧ ಮೀಸೆಯೂ ಇದೆ, ಅದೇ ಪೊಟ್ಟಣದಲ್ಲಿ, ದೇವರ ಗೂಡಿನ ಹಿಂದೆ. ಅದೊಂದು ಮಾತ್ರ ಪುಕ್ಕಟೆ ಬಂತು.