ಎದೆ ನಡುಗಿಸುವ ಕಾರು

ಹರಿಹರದ ಟಿಂಬರ್ ಡಿಪೋ ಸಾವ್ಕಾರ್ ರುದ್ರಯ್ಯನವರಿಗೆ ಬೀಗರ ಕಾರಿನಲ್ಲಿ ಎದೆ ನಡುಗುವಂತೆ ಹಾಡು ಕೇಳಿ ಬಂದಾಗಿನಿಂದ ನೆಮ್ಮದಿ ಇರಲಿಲ್ಲ. ಡ್ರೈವರ್ ದಾದಾಪೀರನನ್ನು ಕರೆದು ಎರಡು ಸಾವಿರ ರೂಪಾಯಿ ಕೈಗಿಟ್ಟರು.

"ಭಾನುವಾರ ಬೀಗರು ಬರ್ತಾರೆ. ನಮ್ಮ ಕಾರಲ್ಲಿ ಹಾಡು ಹಾಕಿದ್ರೆ ಎದೆ ನಡುಗಬೇಕು. ಇಲ್ಲಾಂದ್ರೆ ಸೋಮವಾರದಿಂದ ನೀನು ಬರಬೇಡ."

ಆ ದುಡ್ಡು ನೋಡಿ ಕಾರ್ ಸ್ಪೀಕರ್ ಅಂಗಡಿಯವನು ನಕ್ಕುಬಿಟ್ಟ. ದಾದಾಪೀರನಿಗೆ ಕೊನೆಗೆ ಗುಜರಿಯಲ್ಲಿ ಧಂ ಧಂ ಎನ್ನುವ ಒಂದು ಹಳೇ ವೂಫರ್ ಸ್ಪೀಕರ್ ಸಿಕ್ಕಿತು. ಇಡೀ ಕಾರನ್ನು ನಡುಗಿಸುವ ತಾಕತ್ತು ಅದಕ್ಕಿರಲಿಲ್ಲ. ಒಂದು ಸೀಟನ್ನಾದರೂ ನಡುಗಿಸೀತು ಎಂದುಕೊಂಡು, ಸಾವ್ಕಾರರು ಯಾವಾಗಲೂ ಕೂರುವ ಹಿಂದಿನ ಎಡಗಡೆ ಸೀಟಿನ ಕೆಳಗೇ ಅದನ್ನು ಬಿಗಿದ.

ಭಾನುವಾರ ಬೀಗರು ಬಂದರು. ಸಾವ್ಕಾರರು ಮರ್ಯಾದೆಗೆಂದು ತಮ್ಮ ಜಾಗವನ್ನೇ ಅವರಿಗೆ ಬಿಟ್ಟುಕೊಟ್ಟು, ಮುಂದೆ ಬಂದು ಕೂತರು! ದಾದಾಪೀರ ಬೇರೆ ದಾರಿಯಿಲ್ಲದೆ ಹಾಡು ಹಾಕಿದ.

"ಅಬ್ಬಬ್ಬಾ!" ಎಂದು ಹಿಂದೆ ಕೂತಿದ್ದ ಬೀಗರು ಎದೆ ಹಿಡಿದುಕೊಂಡರು.

ಸಾವ್ಕಾರರು ತಮ್ಮ ಎದೆ ಮುಟ್ಟಿ ನೋಡಿಕೊಂಡರು. ಏನೂ ಇಲ್ಲ. ಅವರ ಮುಖ ಕೆಂಪಾಯಿತು.

"ಲೇ, ನನಗ್ಯಾಕೋ ನಡುಗ್ತಿಲ್ಲ?" ಎಂದು ಹಲ್ಲು ಕಚ್ಚಿ ಪಿಸುಗುಟ್ಟಿದರು.

ದಾದಾಪೀರ ಮೆಲ್ಲಗೆ ಹೇಳಿದ: "ಸಾವ್ಕಾರ್ರೆ, ಬೀಗರ ಮುಂದೆ ನಿಮ್ಮ ಎದೆ ನಡುಗಿದ್ರೆ ಚೆಂದ ಕಾಣ್ತದಾ?"

ಸಾವ್ಕಾರರು ನೆಟ್ಟಗೆ ಕೂತು, ಮೀಸೆ ತಿರುವಿ, ಹಿಂದಕ್ಕೆ ತಿರುಗಿದರು.

"ಯಾಕೆ ಬೀಗರೆ, ತಡಕೊಳ್ಳೋಕೆ ಆಗ್ತಿಲ್ವಾ? ಸ್ವಲ್ಪ ಕಮ್ಮಿ ಮಾಡಿಸ್ಲಾ?"