ಬರೆಯದೆ ಬಿಟ್ಟ ಅಂಕ

"ಗುರುಗಳೇ, ದೊಡ್ಡ ಕಾಲೇಜಿನವರು ಮಕ್ಕಳನ್ನು ಸೇರಿಸಿಕೊಳ್ಳುವಾಗ ಪ್ರವೇಶ ಪರೀಕ್ಷೆಯ ಅಂಕ ನೋಡುವುದು ನ್ಯಾಯವೋ, ನೋಡದಿರುವುದು ನ್ಯಾಯವೋ?" ಎಂದು ಮರುಳಸಿದ್ಧನೆಂಬ ಶಿಷ್ಯ ಕೇಳಿದ.

ಗುರುಗಳು ಹೇಳಿದರು:

ಕಡಲತೀರದ ಒಂದು ಊರಿನಲ್ಲಿ ಉಪ್ಪು ತೆಗೆಯುವವನೊಬ್ಬನಿದ್ದ. ಅವನ ಮಗಳು ಓದಿನಲ್ಲಿ ಚುರುಕು. ಪಟ್ಟಣದ ಹೆಸರಾಂತ ಕಾಲೇಜೊಂದಕ್ಕೆ ಅವಳು ಅರ್ಜಿ ಹಾಕಿದಳು. ಅಲ್ಲಿದ್ದದ್ದು ನಲವತ್ತೇ ಸೀಟು. ಪರೀಕ್ಷೆಯ ಅಂಕವನ್ನು ಇಷ್ಟವಿದ್ದವರು ಬರೆಯಬಹುದು, ಇಲ್ಲದವರು ಬಿಡಬಹುದು ಎಂದು ಆ ವರ್ಷ ಕಾಲೇಜು ನಿಯಮ ಮಾಡಿತ್ತು. ಅವಳಿಗೆ ನೂರಕ್ಕೆ ಅರವತ್ತೆಂಟು ಬಂದಿತ್ತು. ಅಲ್ಲಿ ಸೇರುವವರದೆಲ್ಲ ತೊಂಬತ್ತರ ಮೇಲೆ ಎಂದು ಕೇಳಿ ನಾಚಿದಳು. ಅಂಕದ ಜಾಗವನ್ನು ಖಾಲಿ ಬಿಟ್ಟಳು.

ಕಡೆಯ ದಿನ ಅವಳ ಮೇಷ್ಟ್ರಿಗೆ ಈ ಸಂಗತಿ ತಿಳಿಯಿತು. ಅವರು ಕೂತಲ್ಲಿಂದ ಎದ್ದೇಬಿಟ್ಟರು.

"ಅಲ್ಲ ಮಗೂ, ನಮ್ಮ ಶಾಲೆಯಲ್ಲಿ ಇದುವರೆಗೆ ನಲವತ್ತು ಅಂಕ ದಾಟಿದವರು ಯಾರಿದ್ದಾರೆ? ನಡಿ, ಅಂಕಪಟ್ಟಿ ತಗೋ!"

"ಸಾರ್, ಅಲ್ಲಿ ಐದಕ್ಕೆ ಬಾಗಿಲು ಹಾಕ್ತಾರೆ."

"ಅದಕ್ಕೇ ನಡಿ ಅಂದದ್ದು!"

ಇಬ್ಬರೂ ಓಡಿದರು. ದೋಣಿಯಲ್ಲಿ ಹೊಳೆ ದಾಟಿದರು. ಹೊರಟಿದ್ದ ಬಸ್ಸನ್ನು ಕೈ ಅಡ್ಡ ಹಿಡಿದು ನಿಲ್ಲಿಸಿ ಹತ್ತಿದರು. ಹುಡುಗಿಯ ನಾಚಿಕೆ ದಾರಿಯಲ್ಲೆಲ್ಲೋ ಬಿದ್ದುಹೋಗಿ, ಸೇರಿಯೇ ತೀರಬೇಕೆಂಬ ಹುರುಪು ಏರಿತು. ಕಾಲೇಜು ಮುಟ್ಟಿದಾಗ ಜವಾನ ಬಾಗಿಲು ಎಳೆಯುತ್ತಿದ್ದ. ಮೇಷ್ಟ್ರು ನಡುವೆ ಕಾಲಿಟ್ಟರು.

ಆಯ್ಕೆ ಮಾಡುವ ಅಧ್ಯಾಪಕಿ ಅಂಕಪಟ್ಟಿ ನೋಡಿ "ಅರವತ್ತೆಂಟು" ಎಂದು ಸಪ್ಪೆಯಾಗಿ ಓದಿದರು. ಆಮೇಲೆ ಶಾಲೆಯ ಹೆಸರು ನೋಡಿದರು. ಹಿಂದಿನ ವರ್ಷಗಳ ಅಂಕಗಳ ದಾಖಲೆ ತೆರೆದು ಆ ಶಾಲೆಯ ಸಾಲಿನ ಮೇಲೆ ಬೆರಳಾಡಿಸಿದರು: ಇಪ್ಪತ್ತೊಂಬತ್ತು, ಮೂವತ್ತೊಂದು, ಮೂವತ್ತೆಂಟು. ಬೆರಳು ನಿಂತಿತು. ಬೇಡವೆಂದು ಬದಿಗಿಟ್ಟಿದ್ದ ಅರ್ಜಿಗಳ ಕಟ್ಟಿನಿಂದ ಅವಳದನ್ನು ಸರಕ್ಕನೆ ಎಳೆದು ತೆಗೆದರು.

"ಇದನ್ನು ಮುಚ್ಚಿಟ್ಟಿದ್ದೆಯಲ್ಲಮ್ಮ! ಒಬ್ಬರೇ ಮೇಷ್ಟ್ರಿರುವ ಶಾಲೆಯಲ್ಲಿ ಇಷ್ಟು ತೆಗೆದವಳು ಇಲ್ಲಿ ಎಷ್ಟು ತೆಗೆದಾಳು!"

ಪಟ್ಟಿ ಅಂಟಿಸಿದ ದಿನ ಮೂವತ್ತೇಳನೆಯ ಹೆಸರು ಅವಳದಾಗಿತ್ತು. ಹುಡುಗಿ ನಿಂತಲ್ಲೇ ಕುಣಿದಳು. ಮೇಷ್ಟ್ರು ಊರಿಗೆಲ್ಲ ಬೆಲ್ಲ ಹಂಚಿದರು.

ಕತೆ ಕೇಳಿ ಮರುಳಸಿದ್ಧ ಹಿಗ್ಗಿಹೋದ. "ಹಾಗಾದರೆ ಅಂಕ ನೋಡುವುದೇ ನ್ಯಾಯ, ಗುರುಗಳೇ!" ಎಂದ.

ಗುರುಗಳು ಒಂದೇ ಮಾತು ಕೇಳಿದರು.

"ಅಷ್ಟೇ ಅಂಕ ತೆಗೆದು, ಜೊತೆಗೆ ಓಡಿಬರುವ ಮೇಷ್ಟ್ರಿಲ್ಲದೆ ಮನೆಯಲ್ಲೇ ಉಳಿದವರ ಹೆಸರು ಯಾವ ಪಟ್ಟಿಯಲ್ಲಿದೆ?"